ಎಣಿಕೆಯಕ್ಕನ ಕಂದು ಮೀನು

ನದಿಯ ಮೀನುಗಳ ಗಣತಿ ಮಾಡುವ ಕಚೇರಿಯಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಕೆಲಸವೂ ಅಂಥದ್ದೇ. ಬಲೆಗೆ ಬಿದ್ದ ಬೆರಳುದ್ದದ ಮೀನನ್ನು ಬಿಳಿ ತಟ್ಟೆಯಲ್ಲಿ ಮಲಗಿಸಿ, ಭೂತಗನ್ನಡಿ ಹಿಡಿದು, ಪಕ್ಕೆಯ ಸಾಲಿನಲ್ಲಿ ಎಷ್ಟು ಹುರುಪೆ, ಬೆನ್ನಿನ ರೆಕ್ಕೆಯಲ್ಲಿ ಎಷ್ಟು ಕಡ್ಡಿ ಎಂದು ಸೂಜಿಯ ತುದಿಯಲ್ಲಿ ಎಣಿಸಿ ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ಎಣಿಸುತ್ತಿದ್ದಳು. ಬೆಳಗ್ಗೆ ನಾಲ್ಕು ಡಬ್ಬಿಗೆ ಊಟ ತುಂಬಿಸಿ, ಬಟ್ಟೆ ಒಣಹಾಕಿ, ಗಂಡ ಹುಡುಕುತ್ತಿರುವ ಕನ್ನಡಕ ಅವನ ಹಣೆಯ ಮೇಲೇ ಇದೆಯೆಂದು ತೋರಿಸಿ ಓಡಿಬರುವ ಹೆಂಗಸಿಗೆ, ಏನನ್ನೂ ಕೇಳದೆ ತಟ್ಟೆಯಲ್ಲಿ ಸುಮ್ಮನೆ ಮಲಗಿರುವ ಮೀನೆಂದರೆ ಒಂದು ಬಗೆಯ ವಿಶ್ರಾಂತಿ.

ಆ ನದಿಯ ಪಟ್ಟಿಯಲ್ಲಿ ಅರವತ್ತನಾಲ್ಕು ಜಾತಿಯ ಮೀನುಗಳಿದ್ದವು. ಅರವತ್ತಮೂರನ್ನು ಯಾರ್ಯಾರೋ ಗುರುತಿಸಿದ್ದರು. ಕೊನೆಯದು ಅವಳದು. ಏಳು ವರ್ಷದ ಹಿಂದೆ ದಡದ ಹುಲ್ಲಿನ ನಡುವೆ ಅವಳೇ ಕಂಡಿದ್ದ, ಮೈ ತುಂಬಿಕೊಂಡ, ಬಣ್ಣವಿಲ್ಲದ ಕಂದು ಮೀನು. ನಡುನೀರಿನ ಸೆಳವಿನಲ್ಲಿ ಸಿಗುವ ತೆಳ್ಳನೆಯ ಕೆಂಪಂಚಿನ ಮೀನಿಗೆ ಅದು ಹತ್ತಿರದ ನೆಂಟ ಎಂದು ಕಚೇರಿಯ ಸಾಹೇಬರೂ ಒಪ್ಪಿದ್ದರು. ಹುರುಪೆಯ ಎಣಿಕೆ ಎರಡರಲ್ಲೂ ಒಂದೇ. ನೆಂಟರಲ್ಲಿ ಹಾಗಿರುವುದುಂಟು ಎಂದು ಆ ವಿಷಯ ಅಲ್ಲಿಗೇ ಬಿಟ್ಟರು. ಈ ವರ್ಷ ಅದು ಹೊಸ ಜಾತಿಯೆಂದು ಲೇಖನ ಸಿದ್ಧವಾಗಿತ್ತು. ಬುಧವಾರ ಅಚ್ಚಿಗೆ ಹೋಗಬೇಕು. ಸಾಹೇಬರ ಹೆಸರಿನ ಪಕ್ಕ ಅವಳ ಹೆಸರು. ಇಷ್ಟು ವರ್ಷ ಅವಳು ಎಣಿಸಿದ್ದೆಲ್ಲ ವರದಿಗಳ ಕೊನೆಯಲ್ಲಿ, ಚಿಕ್ಕ ಅಕ್ಷರದಲ್ಲಿ, 'ಸಿಬ್ಬಂದಿಗೆ ಧನ್ಯವಾದ' ಎಂಬ ಒಂದು ಸಾಲಿನೊಳಗೆ ಕರಗಿಹೋಗಿತ್ತು. ಹಾಗಾಗಿ ಬುಧವಾರಕ್ಕಾಗಿ ಅವಳು ಬಸುರಿ ದಿನ ಎಣಿಸುವ ಹಾಗೆ ಕಾದಿದ್ದಳು.

ಭಾನುವಾರ ಗಣತಿಯ ಬಲೆಗೆ ಎರಡೂ ಬಗೆಯವು ರಾಶಿಯಾಗಿ ಬಿದ್ದವು. ಲೇಖನದ ಮಾದರಿಗಳು ಆಗಲೇ ಸೀಸೆ ಸೇರಿದ್ದರಿಂದ, ಎಣಿಸಿ ಮುಗಿದದ್ದನ್ನು ಬಲೆ ಹಾಕಿದ ಬೆಸ್ತನಿಂದ ಕೊಂಡು ಮನೆಗೆ ತಂದಳು. ಎಪ್ಪತ್ತನಾಲ್ಕರ ಅತ್ತೆ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಕೊಯ್ಯತೊಡಗಿದರು. ಮನೆಗೆ ಬಂದ ಮೀನನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಕೊಯ್ದು ಕೊಯ್ದು ಸೊಂಟ ಹೋಯಿತು ಎಂದು ಗೊಣಗುವುದನ್ನು ಬಿಟ್ಟವರೂ ಅಲ್ಲ.

"ಏನೇ, ನಿನ್ನ ಈ ಕಂದು ಜಾತೀಲಿ ಗಂಡಸರೇ ಇಲ್ವಾ?" ಎಂದರು ಅತ್ತೆ.

"ಯಾಕತ್ತೆ?" ಸೊಸೆ ಈರುಳ್ಳಿ ಹೆಚ್ಚುತ್ತಿದ್ದಳು.

"ಹದಿನಾಲ್ಕು ಕೊಯ್ದೆ, ಎಲ್ಲದರ ಹೊಟ್ಟೇಲೂ ಮೊಟ್ಟೆ. ಕೆಂಪಂಚಿಂದು ಒಂಬತ್ತು, ಎಲ್ಲದರಲ್ಲೂ ಗಂಡು ಮೀನಿನ ಬಿಳೀ ಹಾಲು. ಒಂದು ಬೀದೀಲಿ ಬರೀ ಹೆಂಗಸರು, ಪಕ್ಕದ ಬೀದೀಲಿ ಬರೀ ಗಂಡಸರು ಇದ್ರೆ, ಬಟ್ಟೆ ಬೇರೆ ಅಂತ ಎರಡು ಜಾತಿ ಮಾಡ್ತೀಯಾ?"

ಎಣಿಕೆಯಕ್ಕನ ಚಾಕು ನಿಂತಿತು. ಲೇಖನಕ್ಕೆ ಆಧಾರವಾಗಿ ಕಚೇರಿಯ ಸೀಸೆಗಳಲ್ಲಿ ಇಟ್ಟಿದ್ದ ಕಂದು ಮೀನು ಆರೇ. ಮಾದರಿ ಹಾಳಾಗಬಾರದೆಂದು ಒಂದನ್ನೂ ಕೊಯ್ದಿರಲಿಲ್ಲ. ಒಳಗೆ ನೋಡಿದವರೇ ಇಲ್ಲ.

"ಯಾವ ಜಾತಿಯಾದ್ರೇನು, ರುಚಿ ಇದ್ರೆ ಸಾಕು," ಎಂದ ಗಂಡ, ಪತ್ರಿಕೆಯ ಹಿಂದಿನಿಂದ.

"ನಿನ್ನ ಕೇಳಿದ್ನಾ?" ಎಂದರು ಅತ್ತೆ.

ಅಡುಗೆಮನೆಯ ಮಾತು ಹೊಸ್ತಿಲು ದಾಟುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದರೆ ಬುಧವಾರ ತಾನಾಗಿ ಬರುತ್ತಿತ್ತು. ಆ ದಿನ ಊಟದಲ್ಲಿ ಅವಳು ಮೀನನ್ನು ಹಾಗೇ ಬಿಟ್ಟಳು. ಅತ್ತೆ ಎರಡು ಸಲ ತಟ್ಟೆ ನೋಡಿದರು.

ಸೋಮವಾರ ಸಾಹೇಬರ ಮುಂದೆ ಆರು ಸೀಸೆ ಸಾಲಾಗಿಟ್ಟಳು.

"ಕೊಯ್ದು ನೋಡ್ತೀನಿ ಸರ್."

"ಇರೋದೇ ಆರಮ್ಮ. ಹಾಳಾದ್ರೆ?"

"ಹಾಳಾದ್ರೆ ನಂದೇ ಸರ್ ಹಾಳಾಗೋದು."

ಬಲಪಕ್ಕೆಯಲ್ಲಿ ಸಣ್ಣಗೆ ಸೀಳಿದಳು. ಒಂದು, ಎರಡು, ಆರು. ಆರರಲ್ಲೂ ಸಾಸಿವೆಯಂತೆ ಗಟ್ಟಿಯಾದ ಮೊಟ್ಟೆ. ಆಮೇಲೆ ಕೆಂಪಂಚಿನವನ್ನೂ ತೆರೆದಳು. ಒಂದರಲ್ಲೂ ಮೊಟ್ಟೆ ಇರಲಿಲ್ಲ.

ಸಾಹೇಬರು ಭೂತಗನ್ನಡಿ ಹಿಡಿದು ಒಂದೊಂದನ್ನೂ ತಾವೇ ನೋಡಿದರು. "ಯಾರು ಹೇಳಿದ್ದು ನಿಮಗೆ?"

"ನಮ್ಮತ್ತೆ."

"ಏನು ಓದಿದ್ದಾರೆ?"

"ಓದಿಲ್ಲ ಸರ್. ಐವತ್ತು ವರ್ಷ ಕೊಯ್ದಿದ್ದಾರೆ."

ಪಟ್ಟಿಯ ಅರವತ್ತನಾಲ್ಕನೇ ಸಾಲನ್ನು ಅವಳೇ ಅಳತೆಪಟ್ಟಿ ಇಟ್ಟು ಹೊಡೆದುಹಾಕಿದಳು. ನಂತರ ನಲ್ಲಿಯ ಕೆಳಗೆ, ಕೈ ಶುದ್ಧವಾದ ಮೇಲೂ, ತೊಳೆಯುತ್ತಲೇ ನಿಂತಿದ್ದಳು.

ಲೇಖನ ನಿಂತಿತು. ಅದರ ಬದಲು ಪಟ್ಟಿಗೆ ಅರ್ಧ ಪುಟದ ತಿದ್ದುಪಡಿ ಅಚ್ಚಿಗೆ ಕಳಿಸಬೇಕಾಯಿತು: ಕಂದು ಮೀನು ಬೇರೆ ಜಾತಿಯಲ್ಲ, ಕೆಂಪಂಚಿನ ಮೀನಿನ ಹೆಣ್ಣು. "ಇದಕ್ಕೆ ನಿಮ್ಮೊಬ್ಬರ ಹೆಸರೇ ಇರಲಿ. ಮೊದಲು ಕಂಡವರು ನೀವೇ ತಾನೇ," ಎಂದರು ಸಾಹೇಬರು, ದೊಡ್ಡ ಮನಸ್ಸಿನಿಂದ. ಅವಳು ತನ್ನ ಹೆಸರು ಬರೆದಳು. ಅದರ ಪಕ್ಕ ಅತ್ತೆಯ ಹೆಸರನ್ನೂ ಬರೆದಳು.

ಸಂಜೆ ವಿಷಯ ಕೇಳಿದ ಅತ್ತೆ ತಲೆ ಚಚ್ಚಿಕೊಂಡರು. "ನನ್ನ ಬಾಯಿಗಿಷ್ಟು ಮಣ್ಣು ಹಾಕ. ಸುಮ್ನಿದ್ದಿದ್ರೆ ನಿನ್ನ ಹೆಸರು ಅಚ್ಚಾಗ್ತಿತ್ತು."

"ಈಗ್ಲೂ ಅಚ್ಚಾಗುತ್ತೆ ಅತ್ತೆ. ಸಾಹೇಬರದಿಲ್ಲ, ನಂದು. ಪಕ್ಕದಲ್ಲಿ ನಿಮ್ದು."

"ಸಾಹೇಬರದ್ಯಾಕಿಲ್ಲ?"

"ತಪ್ಪು ಒಪ್ಕೊಳ್ಳೋ ಕಾಗದ ಅಲ್ವಾ."

ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಹೆಸರು ಬರೋಕೂ ನಾವು ತಪ್ಪೇ ಮಾಡ್ಬೇಕಾಯ್ತಲ್ಲೇ."

"ಪಟ್ಟೀಲಿ ಇನ್ನೂ ಐದು ಜೋಡಿ ನಂಗೆ ಅನುಮಾನ. ಭಾನುವಾರ ತರ್ತೀನಿ. ನೀವೇ ನೋಡಿ ಹೇಳ್ಬೇಕು."

"ಐದು ಜೋಡಿ ಅಂದ್ರೆ ನೂರು ಮೀನಾದ್ರೂ ಆಯ್ತು. ನೋಡೋದು ನಾನು ನೋಡ್ತೀನಿ. ಕೊಯ್ಯೋದು?" ಅತ್ತೆ ಪತ್ರಿಕೆಯ ಕಡೆ ತಿರುಗಿದರು. "ಏ ಮಗನೇ, ಭಾನುವಾರ ಎಲ್ಲಿಗೂ ಹೋಗ್ಬೇಡ."

"ನಂಗೆ ಮೀನು ಕೊಯ್ಯೋಕೆ ಬರಲ್ವಲ್ಲಮ್ಮ."

"ಗೊತ್ತು. ಐವತ್ತು ವರ್ಷ ಆಯ್ತು ನೀನು ಹುಟ್ಟಿ, ಇನ್ನೂ ಬರಲ್ಲ. ಅದಕ್ಕೇ ಬೇಗ ಏಳು."