ಮೊದಲ ದನ ಬಿಚ್ಚಪಾ

ಮಗಳ ಮೊಬೈಲಿನಲ್ಲಿ ಟೊಪ್ಪಿಗೆ ಹಾಕಿದ ಕುದುರೆ ಸವಾರನೊಬ್ಬ ಆಕಾಶದಿಂದ ಇಳಿದ ಪಿಶಾಚಿಗಳಿಗೆ ಗುಂಡು ಹೊಡೆಯುತ್ತಿದ್ದ. ನಾನು ಚಿಕ್ಕವನಿದ್ದಾಗ ಅಂಥದ್ದೇ ಒಂದು ಇಂಗ್ಲಿಷ್ ಚಿತ್ರಕ್ಕೆ ಅಪ್ಪ ನನ್ನನ್ನು ನಮ್ಮೂರು ತಡಸದಿಂದ ಶಿಗ್ಗಾಂವಿಯ ಟೆಂಟ್ ಸಿನಿಮಾಕ್ಕೆ ಕರೆದೊಯ್ದಿದ್ದ. ಬೀಡಿ ಹೊಗೆಯ ನಡುವೆ ಹಾರುವ ತಟ್ಟೆ ಇಳಿಯಿತು, ಪರದೆಯ ಮೇಲಿನ ಕೊಟ್ಟಿಗೆಗೆ ಬೆಂಕಿ ಹತ್ತಿತು. ಹೀರೋ ನಿಧಾನಕ್ಕೆ ಬಂದೂಕು ತುಂಬುತ್ತಿದ್ದ.

ಅಪ್ಪ ಎದ್ದು ನಿಂತು ಕೂಗಿದ: "ಅವರ್ನ ಆಮ್ಯಾಲ ಹೊಡಿಯಂತಿ, ಮೊದಲ ದನ ಬಿಚ್ಚಪಾ."

"ಕುಂದರ್ರಿ ಯಜಮಾನ್ರ, ಅವಂಗ ಕನ್ನಡ ಬರಂಗಿಲ್ಲ," ಎಂದ ಹಿಂದಿನವನೊಬ್ಬ. ಟೆಂಟೆಲ್ಲ ನಕ್ಕಿತು. ನಾನೂ ನಕ್ಕೆ.

ಅಪ್ಪ ಕೂಡಲಿಲ್ಲ. ನನ್ನ ಕೈ ಹಿಡಿದು ಹೊರಗೆ ಬಂದ. "ನೀ ಹುಟ್ಟೂದಕ್ಕಿಂತ ಮೊದಲ ನಮ್ಮ ಕೊಟಗಿ ಸುಟ್ಟಿತ್ತು. ನಾ ನೀರು ತರಾಕ ಓಡಿದ್ನಿ. ಎತ್ತು ಕಟ್ಟಿದಲ್ಲೇ ಉಳದ್ವು."

ನಾನು ಇಷ್ಟು ಹೇಳಿದ ಮೇಲೆ ಮಗಳು ಕೇಳಿದಳು: "ಕಡೀಕ ಯಾರು ಗೆದ್ರಪ್ಪಾ?"

ಆ ಚಿತ್ರದ ಉಳಿದರ್ಧ ನನಗಿನ್ನೂ ಬಾಕಿ ಇದೆ ಎಂದೆ.