ಸೂರು ದಾಟಿದ ಕೊಳವೆ

ಉದಕಮಂಡಲದಲ್ಲಿ ನಾವು ಕೊಂಡ ಬಂಗಲೆ ಬಲು ಹಳೆಯದು. ಗೋಡೆಗಳು ಮೊಳದಗಲ, ಕಕ್ಕಸು ಮಾತ್ರ ಅಂಗಳದಾಚೆ. ಹಿಂದಿನ ಚಳಿಗಾಲದಲ್ಲಿ ಅತ್ತೆ ರಾತ್ರಿ ಅಲ್ಲಿಗೆ ಹೋಗುವಾಗ ಹೆಪ್ಪುಗಟ್ಟಿದ ಇಬ್ಬನಿಯ ಮೇಲೆ ಜಾರಿ ಬಿದ್ದಿದ್ದರು. ಮನೆ ರಿಪೇರಿಗೆ ಕೈಹಾಕಿದಾಗ, ಕಕ್ಕಸನ್ನು ಒಳಗೇ ತರಲೇಬೇಕೆಂದು ನಾನು ಹಟ ಹಿಡಿದೆ.

"ಅನ್ನ ಬೇಯೋ ಸೂರಿನ ಕೆಳಗೆ ಅದೂ ಬೇಕಾ?" ಅತ್ತೆ ಮುಖ ಸಿಂಡರಿಸಿದರು. "ಒಂದೇ ಒಂದು ಸಲ ವಾಸನೆ ಬರಲಿ, ಗಂಟು ಕಟ್ಕೊಂಡು ಗುಂಡ್ಲುಪೇಟೆಗೆ ತಮ್ಮನ ಮನೆಗೆ ಹೊರಟೆ ಅಂತಲೇ ತಿಳ್ಕೋ."

ಆಡಿದ್ದನ್ನು ಮಾಡಿಯೇ ತೀರುವ ಹೆಂಗಸು ಅವರು. ತಾಯಿಯಿಲ್ಲದೆ ಬೆಳೆದ ನನಗೆ, ಆ ಚಳಿಯೂರಿನಲ್ಲಿ ಇದ್ದ ಆಸರೆಯೂ ಅವರೊಬ್ಬರೇ.

ಪೈಪು ಕೆಲಸದ ಮೇಸ್ತ್ರಿ ಮೈಸೂರು ಸೀಮೆಯವನು, ಹತ್ತಿರದ ವೆಲ್ಲಿಂಗ್ಟನ್ನಿನ ಸೈನ್ಯದ ದಂಡಿನಲ್ಲಿ ಕೆಲಸ ಕಲಿತವನು. ಮೊದಲ ದಿನ ಹಾರೆಯನ್ನೇ ಮುಟ್ಟಲಿಲ್ಲ. ನೆಲಕ್ಕೆ ನೀರು ಚೆಲ್ಲಿ, ಅದು ಹರಿಯುವ ದಾರಿಯನ್ನು ಕುಕ್ಕರಗಾಲಲ್ಲಿ ಕೂತು ನೋಡಿದ. ಆಮೇಲೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಬಚ್ಚಲು, ಕಕ್ಕಸು ಅಕ್ಕಪಕ್ಕ; ಎರಡರ ನೀರೂ ಒಂದೇ ದೊಡ್ಡ ಕೊಳವೆ ಸೇರಿ ಇಳಿಜಾರಿನ ಕೆಳಗಿನ ಗುಂಡಿಗೆ. ಅಷ್ಟು ನನಗೂ ತಿಳಿಯಿತು. ಆದರೆ ಇನ್ನೊಂದು ಗೆರೆಯನ್ನು ಅವನು ಮೇಲಕ್ಕೆ, ಸೂರಿನತ್ತ ಎಳೆದ.

"ಕೊಳಕು ಹೋಗೋದು ಕೆಳಕ್ಕಲ್ವೇನಪ್ಪಾ? ಇದ್ಯಾಕೆ ಮೇಲಕ್ಕೆ?"

"ಇದು ಗಾಳಿಗೆ ಕನವ್ವ. ಕೊಳವೇನೂ ಉಸುರಾಡ್ಬೇಕು."

ಅರ್ಥವಾದವಳಂತೆ ತಲೆಯಾಡಿಸಿದೆ. ಆಗಿರಲಿಲ್ಲ.

ಕೆಲಸ ಮುಗಿಯುವಷ್ಟರಲ್ಲಿ ಮಾರ್ಗಶಿರ ಬಂತು. ಚಳಿ ಬಲಿಯುವ ಮುಂಚೆ ಮನೆಯ ಕಿಂಡಿಗಳಿಗೆಲ್ಲ ಹಳೆಯ ಕಂಬಳಿ ಚೂರು ತುರುಕುವುದು ನಮ್ಮಲ್ಲಿ ವರ್ಷವರ್ಷದ ಕೆಲಸ. ಹಿತ್ತಲ ದಿಬ್ಬ ಹತ್ತಿ ನಿಂತರೆ ಸೂರು ಕೈಗೆಟುಕುತ್ತಿತ್ತು. ಅತ್ತೆಗೆ ತಣ್ಣನೆಯ ಗಾಳಿ ತಾಗಬಾರದಲ್ಲ! ಬಿದಿರ ಗಳುವಿನಿಂದ, ಸೂರು ದಾಟಿ ನಿಂತ ಆ ಗಾಳಿ ಕೊಳವೆಯ ಬಾಯಿಗೂ ಕಂಬಳಿ ತುರುಕಿ, ಮೇಲೊಂದು ಕುಡಿಕೆ ಬೋರಲು ಹಾಕಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಅತ್ತೆ ಕಕ್ಕಸಿಗೆ ಬಕೆಟ್ ನೀರು ಸುರಿದದ್ದೇ ತಡ, ಪಕ್ಕದ ಬಚ್ಚಲ ತೂತು ಗೊಳಗೊಳ ಎಂದಿತು. ಹಿಂದೆಯೇ ಮನೆಯೆಲ್ಲ ವಾಸನೆ. ಅತ್ತೆ ಗಂಟು ಕಟ್ಟಲು ಸೀರೆಗಳನ್ನು ಮಡಚತೊಡಗಿದರು.

ಮೇಸ್ತ್ರಿಯನ್ನು ಕರೆಸಿ, ಅವನು ಒಳಗೆ ಕಾಲಿಡುವ ಮೊದಲೇ ಚೆನ್ನಾಗಿ ಬೈದೆ. ಅವನು ಕೊಳವೆಗೆ ಕಿವಿಗೊಟ್ಟು ನಿಂತ.

"ಮ್ಯಾಕೆ ಏನಾರ ತುರುಕಿದ್ದೀರಾ ಅವ್ವ?"

ಹೌದೆಂದೆ.

"ಮೇಲಿಂದ ಗಾಳಿ ಸಿಗ್ದೇ ಇದ್ರೆ, ಇಳಿಯೋ ನೀರು ಬಚ್ಚಲ ತೂತಿನ ಕೆಳ್ಗೆ ಕೊಳವೆ ಬಾಗಿರೋ ಕಡೆ ನಿಂತಿರೋ ನೀರ್ನೂ ಎಳ್ಕೊಂಡು ಹೋಯ್ತದೆ. ಗುಂಡಿ ವಾಸ್ನೆ ತಡೆಯೋದು ಆ ನೀರೇ ಕನವ್ವ, ಬ್ಯಾರೆ ಏನೂ ಇಲ್ಲ."

ಕಂಬಳಿ ಕಿತ್ತೆಸೆದು, ಆ ಬಾಗಿದ ಕೊಳವೆಗೆ ನೀರು ತುಂಬಿಸಿ, ಬಚ್ಚಲ ತೂತಿನ ಜಾಲರಿ ತೆಗೆದು ನನ್ನನ್ನು ಬಗ್ಗಿ ನೋಡಲು ಹೇಳಿದ. ಅತ್ತೆಯೂ ಸೀರೆ ಬಿಟ್ಟು ಬಂದು ಬಗ್ಗಿದರು. ಅವನು ಪಕ್ಕದ ಕಕ್ಕಸಿಗೆ ಬಕೆಟ್ ನೀರು ಸುರಿದ. ಕೆಳಗೆ ಬೊಗಸೆಯಷ್ಟು ನೀರು ಒಮ್ಮೆ ನಡುಗಿತು, ಆಮೇಲೆ ನಿಶ್ಚಲವಾಯಿತು. ವಾಸನೆಯಿಲ್ಲ, ಸದ್ದಿಲ್ಲ. ಬೀಗವಿಲ್ಲ, ಕದವಿಲ್ಲ, ಬೊಗಸೆ ನೀರು ಮತ್ತು ಕಣ್ಣಿಗೆ ಕಾಣದ ಗಾಳಿ, ಎರಡೇ ಸೇರಿ ಇಡೀ ಮನೆಯನ್ನು ಕಾಯುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ಇದನ್ನೆಲ್ಲ ಒಂದು ಇದ್ದಿಲ ತುಂಡಿನಿಂದ ಮೊದಲೇ ಕಂಡಿದ್ದನಲ್ಲ ಈ ಮನುಷ್ಯ ಎಂದು ಬೆರಗಾಗಿ, ಕೈಮುಗಿದು ಬೈದ ಬಾಯಲ್ಲೇ ಕ್ಷಮೆ ಕೇಳಿದೆ.

ಅತ್ತೆ ಹೋಗುವ ಮಾತು ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತವರು ಲೋಟ ಖಾಲಿ ಮಾಡಿ ಮುಂದೆ ಸರಿಸಿದರು.

"ಇನ್ನೊಂದು ಲೋಟ ನೀರು ಹಾಕು."

ಹಾಕಿದೆ. ಅದನ್ನೂ ಗಟಗಟ ಕುಡಿದು ಮತ್ತೆ ಲೋಟ ಚಾಚಿದರು. ನಾನು ಸೊಸೆಯಾಗಿ ಬಂದ ಮೇಲೆ, ಹೊತ್ತು ಮುಳುಗಿದ ನಂತರ ಅವರು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.