ಸದ್ದಿಲ್ಲದ ಬಸ್ಸಿಗೆ ಗಂಟಲಕ್ಕ

ಬಿಸಿ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸದೆ ಗಂಟಲಕ್ಕ ಒಂದು ದಿನವೂ ಮನೆಯ ಹೊಸ್ತಿಲು ದಾಟಿದವಳಲ್ಲ. ಸಿಟಿ ಬಸ್ಸಿನ ಕಂಡಕ್ಟರಿಗೆ ಗಂಟಲೇ ಬಂಡವಾಳ. ಡೀಸೆಲ್ ಇಂಜಿನ್ನಿನ ಗಡಗಡವನ್ನು ಮೀರಿ ಕೂಗಿ ಕೂಗಿ ಅವಳ ದನಿ ಹಾಗೆ ಬೆಳೆದುಬಿಟ್ಟಿತ್ತು. ಕಿವಿ ಮಂದವಾದ ಅತ್ತೆಗೆ ಮನೆಯಲ್ಲಿ ಅವಳ ಮಾತೊಂದೇ ಕೇಳುತ್ತಿತ್ತು. ಸೊಸೆಯೊಬ್ಬಳೇ ನೆಟ್ಟಗೆ ಮಾತಾಡುವವಳು, ಮಿಕ್ಕವರೆಲ್ಲ ಗೊಣಗುವವರು ಎಂದು ಅತ್ತೆ ಹೇಳಿಕೊಂಡು ತಿರುಗುತ್ತಿದ್ದರು.

ಆ ವರ್ಷ ಸರ್ಕಾರ ಹಳೆಯ ಡೀಸೆಲ್ ಬಸ್ಸುಗಳನ್ನು ರಸ್ತೆಯಿಂದ ಇಳಿಸುವ ನಿಯಮ ತಂದಿತು. ಕರೆಂಟಿನ ಬಸ್ಸು ಕೊಳ್ಳಲು ಅರ್ಧ ದುಡ್ಡನ್ನೂ ಕೊಟ್ಟಿತು. ಜೊತೆಗೊಂದು ಷರತ್ತು: ಮಳೆಗಾಲ ಮುಗಿಯುವುದರೊಳಗೆ ಬಸ್ಸಿಗೆ ಜನ ತುಂಬಬೇಕು, ಇಲ್ಲದಿದ್ದರೆ ಅದು ಬೇರೆ ಊರಿನ ಪಾಲು.

ಹೊಸ ಬಸ್ಸಿನಲ್ಲಿ ಹೊಗೆಯಿಲ್ಲ, ನಡುಕವಿಲ್ಲ. ಡ್ರೈವರನ ಬಿಳಿ ಅಂಗಿ ಸಂಜೆಗೂ ಬಿಳಿಯಾಗಿಯೇ ಇರುತ್ತಿತ್ತು. ಮೊದಲ ದಿನ ಗಂಟಲಕ್ಕ ಅಭ್ಯಾಸಬಲದಿಂದ "ರೈಟ್" ಎಂದು ಕೂಗಿದಳು. ಆ ನಿಶ್ಶಬ್ದದಲ್ಲಿ ಇಡೀ ಬಸ್ಸು ತಲೆ ತಗ್ಗಿಸಿತು. ಮುಂದಿನ ಸೀಟಿನ ಮೇಷ್ಟರ ಕನ್ನಡಕ ಮಡಿಲಿಗೆ ಬಿತ್ತು. ತಾವು ಕೂತಿರುವುದು ಮುಂದಿನ ಸೀಟಿನಲ್ಲಿ, ಮುಂದಿನ ಊರಿನಲ್ಲಲ್ಲ ಎಂದು ಅವರು ನೆನಪಿಸಿದರು. ದೂರು ಡಿಪೋ ಮ್ಯಾನೇಜರಿಗೆ ಮುಟ್ಟಿತು. ಅವರು ದನಿ ಇಳಿಸಲು ಹೇಳಿದರು. ಅಂದಿನಿಂದ ಗಂಟಲಕ್ಕ ಪಿಸುಗುಟ್ಟಿದಳು. ಅವಳನ್ನು ಕಂಡು ಜನರೂ ಗುಟ್ಟು ಹೇಳುವವರಂತೆ ಟಿಕೆಟ್ ಕೇಳತೊಡಗಿದರು.

ಆದರೆ ಕೇಳುವವರೇ ದಿನದಿನಕ್ಕೆ ಕಡಿಮೆಯಾದರು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹಳೆ ಬಸ್ಸು ತಿರುವಿನಲ್ಲಿ ಗಡಗಡ ಎಂದಾಗಲೇ ಈ ದಾರಿಯವರು ಚಪ್ಪಲಿಗೆ ಕಾಲು ಹಾಕುತ್ತಿದ್ದುದು. ಹೊಸದು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೇ ಹೋಗುತ್ತಿತ್ತು. ಹೋದ ಮೇಲೆ ಎಲ್ಲರೂ ಹೊರಗೆ ಬಂದು ಬೈಯುತ್ತಿದ್ದರು.

"ಅಕ್ಕಾ, ಮಳೆಗಾಲ ಮುಗೀತಾ ಬಂತು," ಎಂದ ಡ್ರೈವರ್. "ಬಸ್ಸು ಹೋದ್ರೆ ಅದರ ಹಿಂದೇನೇ ನಮ್ಮ ಕೆಲಸಾನೂ ಹೋಗುತ್ತೆ."

ಮರುದಿನ ಗಂಟಲಕ್ಕ ಎರಡು ಸಲ ಮುಕ್ಕಳಿಸಿದಳು. ಈ ದನಿ ಕೊಟ್ಟವನು ನೀನೇ, ಇವತ್ತು ಕೆಲಸಕ್ಕೆ ಬರುವ ಹಾಗೆ ಮಾಡು ಎಂದು ದೇವರಿಗೆ ಕೈಮುಗಿದಳು. ತಿರುವು ಬರುತ್ತಲೇ ಬಾಗಿಲ ಕಂಬಿ ಹಿಡಿದು ತಲೆ ಹೊರಗೆ ಹಾಕಿದಳು.

"ಬಂತು ಬಂತು! ಟೈಲರಣ್ಣಾ, ಕತ್ತರಿ ಕೆಳಗಿಡು!"

ಬೀದಿಗೆ ಬೀದಿಯೇ ಎದ್ದು ಬಂತು. ಟೈಲರಣ್ಣ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿದ. ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡವನೊಬ್ಬ ಕ್ಷೌರದಂಗಡಿಯಿಂದಲೇ ಹತ್ತಿದ. ಕೂಗಿದವಳೇ ಒಳಗೆ ತಿರುಗಿ, "ಟಿಕೆಟ್ ತಗೊಳ್ಳಿ," ಎಂದು ಪಿಸುಗುಟ್ಟಿದಾಗ ಬಸ್ಸೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮೇಷ್ಟರೂ ಸೇರಿ. ಮಳೆ ನಿಲ್ಲುವ ಹೊತ್ತಿಗೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಬಸ್ಸು ಊರಲ್ಲೇ ಉಳಿಯಿತು.

ಮ್ಯಾನೇಜರ್ ಹಿಗ್ಗಿ ಹೀರೆಕಾಯಾದರು. "ನಿಮ್ಮ ದನಿ ರೆಕಾರ್ಡ್ ಮಾಡಿ ಸ್ಪೀಕರಿಗೆ ಹಾಕಿಸ್ತೀನಮ್ಮ. ನೀವು ಆರಾಮಾಗಿ ಕೂತಿರಿ, ಗಂಟಲೂ ಉಳಿಯುತ್ತೆ."

"ಬೇಡ ಸಾರ್," ಎಂದು ನಕ್ಕಳು ಗಂಟಲಕ್ಕ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ಟೈಲರಣ್ಣ ಇನ್ನೂ ಚಪ್ಪಲಿ ಹುಡುಕ್ತಿದ್ರೆ ಸ್ಪೀಕರು ಕಾಯುತ್ತಾ?"